ಬ್ಯಾರಿಸ್ಟರ್ ಬಳಿಗೆ ನೇರ ದಾರಿ

2022ರ ನವೆಂಬರ್ ತಿಂಗಳ ಕೊನೆಯ ವಾರದ ಒಂದು ರಾತ್ರಿ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿರುವ ಮಗಳ ಮನೆಯ ಬಾಗಿಲನ್ನು ಅಳಿಯ ತೆರೆಯಲು ಹೋದರೆ ಅದು ಪೂರ್ತಿಯಾಗಿ ತೆರೆದುಕೊಳ್ಳಲಿಲ್ಲ. ಒಳಗೆ ಹೊಸಿಲ ಬಳಿ ಮೂರು ವಾರಗಳ ಅಂಚೆ ರಾಶಿಯಾಗಿ ಬಿದ್ದಿತ್ತು. ಅಳಿಯನ ತಾಯಿ ಮೈಸೂರಿನಲ್ಲಿ ತೀರಿಕೊಂಡಿದ್ದರು. ಉತ್ತರಕ್ರಿಯೆಗಳನ್ನು ಮುಗಿಸಿಕೊಂಡು ಮರಳುತ್ತಿದ್ದ ಆ ದಂಪತಿಯ ಜೊತೆ ಕೆಲವು ತಿಂಗಳು ಇದ್ದು ಬರಲೆಂದು ನಾನೂ ಹೋಗಿದ್ದೆ. ರಾಶಿಯಲ್ಲಿದ್ದ ಲಕೋಟೆಯೊಂದನ್ನು ಒಡೆದು ಓದಿದ ಮಗಳು ಕೋಟನ್ನೂ ಕಳಚದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ‘ಅಪ್ಪ, ಕೋರ್ಟಿಂದ ಬಂದಿದೆ. ತಾರೀಖು ಬದಲಾಯಿಸಿದಾರೆ. ಸಾಕ್ಷಿ ಹೇಳಿಕೆ ಕೊಡೋಕೆ ಇನ್ನು ನಾಲ್ಕೇ ದಿನ ಇದೆ’ ಎಂದಳು.

‘ನಿನ್ನ ಬ್ಯಾರಿಸ್ಟರ್‌ಗೆ ಇದು ಗೊತ್ತಿರಲಿಲ್ಲವೇನಮ್ಮ?’ ಎಂದು ಕೇಳಿದೆ.

‘ಅವರಿಗೆ ಕೋರ್ಟು ಕಾಗದ ಬರೆಯಲ್ಲಪ್ಪ. ಎಲ್ಲ ನಮಗೇ ಬರತ್ತೆ.’

ಈ ಉತ್ತರದ ಪೂರ್ಣ ಅರ್ಥ ನನಗೆ ತಿಳಿಯಲು ಆ ಚಳಿಗಾಲವಿಡೀ ಬೇಕಾಯಿತು. ವ್ಯಾಜ್ಯ ಸಣ್ಣದು. ಅಡುಗೆಮನೆಯನ್ನು ಹಿಂದಕ್ಕೆ ವಿಸ್ತರಿಸಲು ಒಬ್ಬ ಕಟ್ಟಡ ಗುತ್ತಿಗೆದಾರನಿಗೆ ಕೆಲಸ ಕೊಟ್ಟಿದ್ದರು. ಮೊದಲ ಮಳೆಗೇ ಹೊಸ ಚಾವಣಿ ಸೋರಿತು. ಇವರು ಕೊನೆಯ ಕಂತನ್ನು ತಡೆಹಿಡಿದರು. ಆತ ಸಾಲಿಸಿಟರ್ ಮೂಲಕ ಕೌಂಟಿ ನ್ಯಾಯಾಲಯದಲ್ಲಿ ಹದಿನಾಲ್ಕು ಸಾವಿರ ಪೌಂಡ್‌ಗಳ ದಾವೆ ಹೂಡಿದ. ಅಲ್ಲಿ ಹತ್ತು ಸಾವಿರ ಪೌಂಡ್ ಮೀರಿದ ದಾವೆಯಲ್ಲಿ ಸೋತವರು ಸಾಮಾನ್ಯವಾಗಿ ಗೆದ್ದವರ ಖರ್ಚಿನ ಬಹುಭಾಗವನ್ನೂ ಭರಿಸಬೇಕು. ಬಡ್ಡಿ ದರ ಏರಿ ಮನೆ ಸಾಲದ ಕಂತು ದುಬಾರಿಯಾಗುತ್ತಿದ್ದ ವರ್ಷ ಅದು. ಸೋತರೆ ಅವರ ಉಳಿತಾಯವೆಲ್ಲ ಕರಗುತ್ತಿತ್ತು.

ಮೊದಲು ಇವರು ಊರಿನ ಸಾಲಿಸಿಟರ್ ಕಚೇರಿಯೊಂದಕ್ಕೆ ಹೋಗಿ ವಿಚಾರಿಸಿದ್ದರು. ಶುಲ್ಕ ಗಂಟೆಯ ಲೆಕ್ಕದಲ್ಲಿ; ನ್ಯಾಯಾಲಯದಲ್ಲಿ ವಾದಿಸುವ ಬ್ಯಾರಿಸ್ಟರ್‌ಗೆ ಬೇರೆ. ಎಲ್ಲ ಸೇರಿ ಹೇಳಿದ ಅಂದಾಜು ದಾವೆಯ ಮೊತ್ತದ ಸಮೀಪಕ್ಕೇ ಬಂದಿತ್ತು. ಆಗ ಸಹೋದ್ಯೋಗಿಯೊಬ್ಬರು, ‘ಸಾಲಿಸಿಟರ್ ಬೇಡ, ನೇರವಾಗಿ ಬ್ಯಾರಿಸ್ಟರ್ ಅವರನ್ನೇ ನೇಮಿಸಿಕೊಳ್ಳಿ’ ಎಂದು ಸಲಹೆ ಕೊಟ್ಟರಂತೆ. ಅದರಂತೆ ಮಗಳು ಲಂಡನ್ನಿನ ಒಬ್ಬ ಬ್ಯಾರಿಸ್ಟರ್ ಅವರನ್ನು ಗೊತ್ತುಮಾಡಿಕೊಂಡಿದ್ದಳು.

ನಮ್ಮ ಪೀಳಿಗೆಯವರಿಗೆ ‘ಬ್ಯಾರಿಸ್ಟರ್’ ಎಂಬುದು ಗೌರವದ ಪದ. ಗಾಂಧಿ, ನೆಹರೂ ಇನ್ನರ್ ಟೆಂಪಲ್‌ನಿಂದಲೂ ಅಂಬೇಡ್ಕರ್ ಗ್ರೇಸ್ ಇನ್‌ನಿಂದಲೂ ಬ್ಯಾರಿಸ್ಟರ್ ಆಗಿ ಬಂದವರೆಂದು ಓದಿಯೇ ಬೆಳೆದವರು ನಾವು. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಕೀಲಿಕೆ ಎರಡು ಕವಲಾಗಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಸ್ಪಷ್ಟವಿಲ್ಲ. ಸಾಲಿಸಿಟರ್ ಕಕ್ಷಿದಾರನ ಜೊತೆ ವ್ಯವಹರಿಸುವವನು. ಕಾಗದಪತ್ರ ಸಿದ್ಧಪಡಿಸಿ, ದಾವೆ ದಾಖಲಿಸಿ, ಹಣ ಕೈಯಲ್ಲಿಟ್ಟುಕೊಂಡು ಮೊಕದ್ದಮೆಯನ್ನು ನಡೆಸುವವನು. ಬ್ಯಾರಿಸ್ಟರ್ ಕಾನೂನಿನ ಅಭಿಪ್ರಾಯ ಕೊಡುವವನು, ನ್ಯಾಯಾಧೀಶರ ಮುಂದೆ ನಿಂತು ವಾದಿಸುವವನು. ತಲೆಮಾರುಗಳ ಕಾಲ ಕಕ್ಷಿದಾರ ಬ್ಯಾರಿಸ್ಟರ್ ಬಾಗಿಲನ್ನು ತಾನೇ ತಟ್ಟುವಂತಿರಲಿಲ್ಲ. ಸಾಲಿಸಿಟರ್ ಕರೆದುಕೊಂಡೇ ಹೋಗಬೇಕಿತ್ತು.

ಸೋಜಿಗವೆಂದರೆ ಇದು ಶಾಸನವಾಗಿರಲಿಲ್ಲ, ಬರಿಯ ವೃತ್ತಿಸಂಪ್ರದಾಯವಾಗಿತ್ತು. ಕಕ್ಷಿದಾರ ಬ್ಯಾರಿಸ್ಟರ್ ಅವರನ್ನು ನೇರವಾಗಿ ನೇಮಿಸಬಾರದೆಂಬ ಕಾನೂನು ಇಲ್ಲವೆಂದು ಅಲ್ಲಿನ ಕ್ವೀನ್ಸ್ ಬೆಂಚ್ ನ್ಯಾಯಾಲಯ 1850ರಷ್ಟು ಹಿಂದೆಯೇ ಹೇಳಿತ್ತು. ಆದರೂ ವೃತ್ತಿ ತನ್ನ ಬೇಲಿಯನ್ನು ಬಿಗಿಯಾಗಿಯೇ ಕಾಯ್ದುಕೊಂಡಿತು. ಒಂದೇ ಒಂದು ಕಿಂಡಿ ಇತ್ತು. ಬಡ ಆರೋಪಿ ಕಟಕಟೆಯಲ್ಲಿ ನಿಂತು, ಅಲ್ಲಿ ನಿಲುವಂಗಿ ತೊಟ್ಟು ಕುಳಿತ ಬ್ಯಾರಿಸ್ಟರ್‌ಗಳಲ್ಲಿ ಒಬ್ಬರನ್ನು ಆರಿಸಿಕೊಂಡು ಅಲ್ಪ ಶುಲ್ಕಕ್ಕೆ ವಾದಿಸುವಂತೆ ಕೇಳಬಹುದಿತ್ತು. ‘ಡಾಕ್ ಬ್ರೀಫ್’ ಎಂದು ಅದರ ಹೆಸರು. ಸರ್ಕಾರಿ ಕಾನೂನು ನೆರವು ಬೆಳೆದಂತೆ ಆ ಪದ್ಧತಿ ಮರೆಯಾಯಿತು.

ಬೇಲಿ ಸಡಿಲವಾದದ್ದು ಕ್ರಮೇಣ. ಮೊದಲು ಲೆಕ್ಕಪರಿಶೋಧಕರು, ವಾಸ್ತುಶಿಲ್ಪಿಗಳಂಥ ವೃತ್ತಿಪರರಿಗೆ ನೇರ ಪ್ರವೇಶ ದೊರೆಯಿತು. 2001ರಲ್ಲಿ ಅಲ್ಲಿನ ನ್ಯಾಯಯುತ ವ್ಯಾಪಾರ ಕಚೇರಿ, ವೃತ್ತಿಗಳೊಳಗಿನ ಸ್ಪರ್ಧೆಯನ್ನು ಕುರಿತ ವರದಿಯಲ್ಲಿ ಇಂಥ ನಿರ್ಬಂಧಗಳನ್ನು ಪ್ರಶ್ನಿಸಿತು. 2004ರ ಜುಲೈನಲ್ಲಿ ಜನಸಾಮಾನ್ಯರಿಗೂ ಬಾಗಿಲು ತೆರೆಯಿತು. ಅಪರಾಧ, ಕುಟುಂಬ, ವಲಸೆ ಪ್ರಕರಣಗಳನ್ನು ಮೊದಲು ಹೊರಗಿಟ್ಟಿದ್ದರು. 2010ರಲ್ಲಿ ಅವೂ ಸೇರಿದವು. 2013ರ ಏಪ್ರಿಲ್‌ನಲ್ಲಿ ಕಾನೂನು ನೆರವಿನ ದೊಡ್ಡ ಕಡಿತ ಜಾರಿಗೆ ಬಂದು, ವಿಚ್ಛೇದನ, ಮಕ್ಕಳ ಪಾಲನೆಯಂಥ ಬಹುಪಾಲು ಕೌಟುಂಬಿಕ ವ್ಯಾಜ್ಯಗಳಿಗೆ ಸರ್ಕಾರದ ಹಣ ನಿಂತ ಮೇಲೆ, ಈ ದಾರಿ ಅನೇಕರಿಗೆ ಅನಿವಾರ್ಯವೂ ಆಯಿತು. ಸುಧಾರಣೆಯ ಹೆಸರಿನಲ್ಲಿ ತೆರೆದ ಬಾಗಿಲು ಕೊರತೆಯ ದಿನಗಳಲ್ಲಿ ಹೆಚ್ಚು ಬಳಕೆಗೆ ಬರುವುದು ಎಲ್ಲ ದೇಶಗಳ ಆಡಳಿತದಲ್ಲೂ ಕಾಣುವ ಸಂಗತಿ.

ಈ ಪದ್ಧತಿಯಲ್ಲಿ ಮೆಚ್ಚಬೇಕಾದ ಅಂಶಗಳು ಹಲವು. ನೇರವಾಗಿ ಕಕ್ಷಿದಾರರನ್ನು ಸ್ವೀಕರಿಸುವ ಬ್ಯಾರಿಸ್ಟರ್ ಅದಕ್ಕಾಗಿ ಪ್ರತ್ಯೇಕ ತರಬೇತಿ ಪಡೆದಿರಬೇಕು. ಈ ಪ್ರಕರಣ ಸಾಲಿಸಿಟರ್ ಇಲ್ಲದೆ ನಡೆಯುವಂಥದೇ ಎಂದು ಮೊದಲು ಪರಿಶೀಲಿಸಬೇಕು; ಅಲ್ಲವೆಂದಾದರೆ ಹಾಗೆಂದು ಹೇಳಿ ಹಿಂದೆ ಸರಿಯಬೇಕು. ಒಪ್ಪಿಕೊಂಡರೆ ಯಾವ ಕೆಲಸ ಮಾಡುತ್ತೇನೆ, ಯಾವುದನ್ನು ಮಾಡುವುದಿಲ್ಲ, ಶುಲ್ಕವೆಷ್ಟು, ಅಸಮಾಧಾನವಿದ್ದರೆ ಎಲ್ಲಿ ದೂರು ಕೊಡಬೇಕು ಎಂಬುದನ್ನೆಲ್ಲ ಪತ್ರದಲ್ಲಿ ಬರೆದು ಕೊಡಬೇಕು. ಮಗಳಿಗೆ ಬಂದಿದ್ದ ಪತ್ರವನ್ನು ನಾನು ಓದಿದೆ. ಲಿಖಿತ ಅಭಿಪ್ರಾಯಕ್ಕೆ ಇಷ್ಟು, ಪ್ರತಿವಾದದ ಕರಡಿಗೆ ಇಷ್ಟು, ವಿಚಾರಣೆಯ ದಿನಕ್ಕೆ ಇಷ್ಟು ಎಂದು ಅದರಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು. ಎಲ್ಲ ಕೂಡಿಸಿದರೂ ಮೊದಲಿನ ಅಂದಾಜಿನ ಮೂರನೆಯ ಒಂದು ಭಾಗವಾಗುತ್ತಿರಲಿಲ್ಲ.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಖಂಡಿಕೆ ಇತ್ತು. ಮೊಕದ್ದಮೆಯನ್ನು ‘ನಡೆಸುವ’ ಹೊಣೆ ನಿಮ್ಮದು ಎಂದು ಅದು ಹೇಳುತ್ತಿತ್ತು. ಅದಕ್ಕೆಂದೇ ವಿಶೇಷ ಅನುಮತಿ ಪಡೆದ ಕೆಲವರನ್ನು ಬಿಟ್ಟರೆ ಬ್ಯಾರಿಸ್ಟರ್ ನ್ಯಾಯಾಲಯದಲ್ಲಿ ಕಾಗದ ದಾಖಲಿಸುವಂತಿಲ್ಲ, ಎದುರಾಳಿಗೆ ಜಾರಿ ಮಾಡುವಂತಿಲ್ಲ. ಕಕ್ಷಿದಾರನ ಹಣವನ್ನಂತೂ ಯಾರೂ ಇಟ್ಟುಕೊಳ್ಳುವಂತಿಲ್ಲ. ಕರಡು ಬರೆದುಕೊಡುತ್ತಾರೆ; ಸಹಿ ಹಾಕಿ, ನಕಲು ತೆಗೆದು, ವಾಯಿದೆಯೊಳಗೆ ಮುಟ್ಟಿಸುವುದು ನಿಮ್ಮ ಕೆಲಸ. ನ್ಯಾಯಾಲಯದ ದಾಖಲೆಯಲ್ಲಿ ವಿಳಾಸ ಕಕ್ಷಿದಾರನದೇ. ಹೀಗಾಗಿಯೇ ಹೊಸಿಲ ಮೇಲೆ ಆ ಲಕೋಟೆ ಬಿದ್ದಿತ್ತು. ಸಾಲಿಸಿಟರ್ ಇದ್ದಿದ್ದರೆ ಅದು ಅವರ ಮೇಜಿಗೆ ಹೋಗಿ, ಗುಮಾಸ್ತನೊಬ್ಬ ಡೈರಿಯಲ್ಲಿ ತಾರೀಖು ಗುರುತಿಸಿಕೊಳ್ಳುತ್ತಿದ್ದ.

ಆ ನಾಲ್ಕು ದಿನಗಳನ್ನು ಮರೆಯಲಾರೆ. ಬೆಳಿಗ್ಗೆ ಬ್ಯಾರಿಸ್ಟರ್ ಕಚೇರಿಗೆ ದೂರವಾಣಿ ಮಾಡಿದರೆ ಗುಮಾಸ್ತ ಸೌಜನ್ಯದಿಂದಲೇ ಹೇಳಿದ: ಅಮ್ಮನವರು ಬೇರೊಂದು ವಿಚಾರಣೆಯಲ್ಲಿದ್ದಾರೆ, ಸಂಜೆಯ ನಂತರವಷ್ಟೇ ಸಿಗುತ್ತಾರೆ. ಅದು ತಪ್ಪಲ್ಲ; ವಾದಿಸುವವರು ಹಗಲು ಇರಬೇಕಾದ್ದೇ ನ್ಯಾಯಾಲಯದಲ್ಲಿ. ನಮ್ಮ ಹೇಳಿಕೆಗಳನ್ನು ನಾವೇ ಬರೆಯಲು ಕುಳಿತೆವು. ಸಮಯಕ್ಕೆ ಹೇಳಿಕೆ ಕೊಡದವರು ನ್ಯಾಯಾಲಯದ ಅನುಮತಿ ಇಲ್ಲದೆ ವಿಚಾರಣೆಯಲ್ಲಿ ಸಾಕ್ಷ್ಯ ನುಡಿಯುವಂತಿಲ್ಲ ಎಂಬುದು ಅಲ್ಲಿನ ನಿಯಮ. ಸೋರಿದ ಚಾವಣಿಯ ಕಥೆಯನ್ನು ಹೇಳಬೇಕಾದವರೇ ಬಾಯಿ ಮುಚ್ಚಿ ಕೂರಬೇಕಾದೀತು. ತಾಯಿಯ ಸಾವಿನ ದುಃಖ ಇನ್ನೂ ಆರದ ಅಳಿಯ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಮೊಬೈಲಿನಲ್ಲಿದ್ದ ಚಿತ್ರಗಳ ದಿನಾಂಕ ಹುಡುಕುತ್ತಿದ್ದುದನ್ನು ಕಂಡು ನನಗೆ ಸಂಕಟವಾಯಿತು. ಮೂರನೆಯ ರಾತ್ರಿ ಬ್ಯಾರಿಸ್ಟರ್ ಕರಡನ್ನು ತಿದ್ದಿ ಕಳಿಸಿದರು. ಇ-ಮೇಲ್‌ನಲ್ಲಿ ಎದುರು ಕಡೆಗೆ ಕಳಿಸಿಬಿಡೋಣವೆಂದು ಮಗಳು ಹೊರಟಾಗ ಅವರು ಕೇಳಿದ ಪ್ರಶ್ನೆ ಒಂದೇ: ‘ಇ-ಮೇಲ್‌ನಲ್ಲಿ ಸ್ವೀಕರಿಸುತ್ತೇವೆಂದು ಅವರ ಸಾಲಿಸಿಟರ್ ಬರೆದುಕೊಟ್ಟಿದ್ದಾರೆಯೆ?’

ಕೊಟ್ಟಿರಲಿಲ್ಲ. ಪ್ರಶ್ನೆಯ ತೂಕ ತಿಳಿದದ್ದು ಅವರು ಪ್ರಕರಣವೊಂದನ್ನು ವಿವರಿಸಿದ ಮೇಲೆ. ಬಾರ್ಟನ್ ಎಂಬುವರು ವಕೀಲರಿಲ್ಲದೆ ತಾವೇ ದಾವೆ ನಡೆಸುತ್ತಿದ್ದವರು. ದಾವೆಯ ನಮೂನೆಯನ್ನು ಅವಧಿ ಮುಗಿಯುವ ಹೊತ್ತಿಗೆ ಎದುರಾಳಿಯ ಸಾಲಿಸಿಟರ್‌ಗೆ ಇ-ಮೇಲ್ ಮೂಲಕ ಕಳಿಸಿದರು. ಹಾಗೆ ಸ್ವೀಕರಿಸಲು ಅವರ ಪೂರ್ವ ಒಪ್ಪಿಗೆ ಇರಲಿಲ್ಲ. ಕಾಗದ ಮುಟ್ಟಿತ್ತು, ಎದುರಾಳಿ ಓದಿಯೂ ಇದ್ದರು. ಆದರೂ ಅದು ಕಾನೂನಿನ ಪ್ರಕಾರ ಜಾರಿಯಾದಂತಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಮೂರು–ಎರಡರ ಬಹುಮತದಿಂದ ತೀರ್ಪಿತ್ತಿತು. ವಕೀಲರಿಲ್ಲದವರಿಗೆಂದು ನಿಯಮಗಳನ್ನು ಸಡಿಲಿಸಲಾಗದು ಎಂಬುದು ಅದರ ಸಾರ. ಅಷ್ಟರಲ್ಲಿ ಕಾಲಮಿತಿ ಮೀರಿದ್ದರಿಂದ ಅವರ ದಾವೆಯೇ ಮುಗಿದುಹೋಯಿತು. ನಮ್ಮದು ಸಾಕ್ಷಿ ಹೇಳಿಕೆಯಷ್ಟೇ ಆದರೂ ಅಪಾಯ ಏಕೆ ಬೇಕು? ನಾಲ್ಕನೆಯ ದಿನ ಅಳಿಯ ರಜೆ ಹಾಕಿ ರೈಲು ಹತ್ತಿ ಹೋಗಿ, ಆದೇಶದಲ್ಲಿದ್ದ ಸಂಜೆ ನಾಲ್ಕು ಗಂಟೆಗೆ ಮುಂಚೆ ಎದುರು ಪಕ್ಷದ ಸಾಲಿಸಿಟರ್ ಕಚೇರಿಯಲ್ಲಿ ಲಕೋಟೆ ಕೊಟ್ಟು ಸ್ವೀಕೃತಿ ಪಡೆದು ಬಂದ.

ಆಮೇಲಿನ ಕೆಲಸ ನನ್ನ ಪಾಲಿಗೆ ಬಂತು. ವಿಚಾರಣೆಗೆ ಮೊದಲು ಎರಡೂ ಕಡೆಯ ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಪುಟಸಂಖ್ಯೆ ಹಾಕಿ, ಸೂಚಿ ಬರೆದು ಒಂದೇ ಕಡತವಾಗಿ ಸಿದ್ಧಪಡಿಸಬೇಕು. ಸಾಮಾನ್ಯವಾಗಿ ಇದು ದಾವೆ ಹೂಡಿದವರ ಕೆಲಸ. ಆದರೆ ನಮ್ಮ ಕಡೆಯ ದಾಖಲೆಗಳನ್ನು ನಾವೇ ಅಣಿಗೊಳಿಸಿ ಕೊಡಬೇಕಿತ್ತು, ಅವರ ಕಡತವನ್ನು ಸಾಲು ಸಾಲಾಗಿ ತಾಳೆ ನೋಡಬೇಕಿತ್ತು. ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಇದು ಹೊಸತಲ್ಲ. ‘ಮಾವ, ನಿಮ್ಮ ಸರ್ವೀಸಿನಲ್ಲಿ ಇದೇ ಕೊನೇ ಫೈಲು’ ಎಂದು ಅಳಿಯ ಬಹಳ ದಿನಗಳ ನಂತರ ನಕ್ಕ. ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಮನೆಯಲ್ಲಿ ಬಿಡುವಿರುವ ನಿವೃತ್ತ ಅಧಿಕಾರಿಯೊಬ್ಬ ಇಲ್ಲದ ಕುಟುಂಬ ಏನು ಮಾಡುತ್ತದೆ? ಇಂಗ್ಲಿಷ್ ಸರಿಯಾಗಿ ಬಾರದ ವಲಸಿಗ, ಎರಡು ಪಾಳಿ ದುಡಿಯುವ ತಾಯಿ ಏನು ಮಾಡುತ್ತಾರೆ?

2023ರ ಮಾರ್ಚ್‌ನಲ್ಲಿ ವಿಚಾರಣೆಗೆ ಬಂತು. ನಮ್ಮ ಬ್ಯಾರಿಸ್ಟರ್ ಅರ್ಧ ಗಂಟೆ ಮೊದಲೇ ಬಂದು ಕಡತವನ್ನು ಬೆರಳ ತುದಿಯಲ್ಲಿಟ್ಟುಕೊಂಡವರಂತೆ ಮಾತನಾಡಿದರು. ‘ಸೋರಿಕೆಯ ವಿಷಯದಲ್ಲಿ ನಿಮ್ಮ ಪಕ್ಷ ಗಟ್ಟಿಯಾಗಿದೆ. ಆದರೆ ದುರಸ್ತಿಗೆ ಅವರಿಗೆ ಅವಕಾಶ ಕೊಡದೆ ಪೂರ್ತಿ ಕಂತನ್ನು ತಡೆದದ್ದು ದುರ್ಬಲ ಅಂಶ. ರಾಜಿಯಾಗುವುದು ಒಳ್ಳೆಯದು’ ಎಂದರು. ಹೊರಗಿನ ಮೊಗಸಾಲೆಯಲ್ಲೇ ಎದುರು ಪಕ್ಷದ ಬ್ಯಾರಿಸ್ಟರ್ ಜೊತೆ ಮಾತುಕತೆ ನಡೆಸಿ, ಕೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಮೊತ್ತಕ್ಕೆ, ಅವರವರ ಖರ್ಚು ಅವರವರಿಗೆ ಎಂಬ ಷರತ್ತಿನ ಮೇಲೆ ಒಪ್ಪಂದ ಮಾಡಿಸಿದರು. ಗೆಲುವೂ ಅಲ್ಲ, ಸೋಲೂ ಅಲ್ಲ. ಅಂದು ಅವರು ಪಡೆದ ಶುಲ್ಕದಲ್ಲಿ ಒಂದು ಪೆನ್ನಿಯೂ ಹೆಚ್ಚೆನಿಸಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಮಧ್ಯವರ್ತಿಯ ಬಗ್ಗೆ ಮೊದಲಿನಿಂದಲೂ ಗುಮಾನಿ. ವೃತ್ತಿಯ ಆರಂಭದಲ್ಲಿ, ಎಂಬತ್ತರ ದಶಕದ ಕೊನೆಯಲ್ಲಿ, ಬಯಲುಸೀಮೆಯ ಒಂದು ತಾಲ್ಲೂಕಿಗೆ ತಹಶೀಲ್ದಾರನಾಗಿ ಹೋದಾಗ ನಾನು ಮಾಡಿದ ಮೊದಲ ‘ಸುಧಾರಣೆ’ ಕಚೇರಿಯ ಆವರಣದಲ್ಲಿ ಮರದ ಕೆಳಗೆ ಕೂರುತ್ತಿದ್ದ ಅರ್ಜಿ ಬರಹಗಾರರನ್ನು ಹೊರಹಾಕಿದ್ದು. ರೈತರು ನೇರವಾಗಿ ನನ್ನ ಬಳಿಗೇ ಬರಲಿ ಎಂಬ ಹುಮ್ಮಸ್ಸು. ಬಂದರು. ಆದರೆ ಅರ್ಜಿಗಳಲ್ಲಿ ಸರ್ವೆ ನಂಬರ್ ಇದ್ದರೆ ಹಿಸ್ಸಾ ಇರಲಿಲ್ಲ, ವಂಶವೃಕ್ಷವಿದ್ದರೆ ಪಹಣಿಯ ನಕಲು ಇರಲಿಲ್ಲ. ‘ಅಪೂರ್ಣ, ಹಿಂದಿರುಗಿಸಿದೆ’ ಎಂಬ ಷರಾ ಬರೆಸಿಕೊಂಡು ಅವರು ಮತ್ತೆ ಮತ್ತೆ ಬಸ್ಸು ಹತ್ತಬೇಕಾಯಿತು. ಮೂರು ತಿಂಗಳಲ್ಲಿ ನನಗೆ ಬುದ್ಧಿ ಬಂತು. ಬರಹಗಾರರನ್ನು ವಾಪಸು ಕರೆಸಿದೆ. ಯಾವ ಅರ್ಜಿಗೆ ಎಷ್ಟು ಕೂಲಿ ಎಂದು ಬರೆದ ಹಲಗೆಯೊಂದನ್ನು ಅದೇ ಮರಕ್ಕೆ ತೂಗುಹಾಕಿಸಿದೆ.

ಮಧ್ಯವರ್ತಿಯನ್ನು ತೆಗೆಯಬಹುದು, ಆತ ಮಾಡುತ್ತಿದ್ದ ಕೆಲಸವನ್ನು ತೆಗೆಯಲಾಗದು. ಅದು ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ, ಬಹುಪಾಲು ಎಲ್ಲರಿಗಿಂತ ಅನನುಭವಿಯ ಹೆಗಲಿಗೆ. ವ್ಯವಹಾರಕ್ಕೆ ತಗಲುವ ಖರ್ಚೂ ಬೆಲೆಯ ಒಂದು ಭಾಗವೇ ಎಂಬುದನ್ನು ರೊನಾಲ್ಡ್ ಕೋಸ್ 1937ರಲ್ಲೇ ತೋರಿಸಿಕೊಟ್ಟಿದ್ದರು. ಸಾಲಿಸಿಟರ್‌ನಿಂದ ಇನ್ನೊಂದು ಉಪಯೋಗವೂ ಇದೆ. ಸಾಮಾನ್ಯ ಕಕ್ಷಿದಾರ ಬಾಳಿನಲ್ಲಿ ಒಮ್ಮೆ ಬ್ಯಾರಿಸ್ಟರ್ ಬಳಿ ಹೋಗುವವನು. ಯಾರು ಸಮರ್ಥರೆಂದು ಅವನಿಗೆ ತಿಳಿಯದು. ಸಾಲಿಸಿಟರ್ ವರ್ಷವಿಡೀ ಹೋಗುವವನು. ಕೆಲಸ ಕೆಟ್ಟರೆ ಮುಂದಿನ ಬ್ರೀಫ್ ಬೇರೆಯವರಿಗೆ ಹೋಗುತ್ತದೆಂಬ ಅರಿವು ಬ್ಯಾರಿಸ್ಟರ್‌ನನ್ನು ಎಚ್ಚರದಲ್ಲಿಡುತ್ತದೆ. ಮೇಲಾಗಿ, ತನ್ನ ಕ್ಷೇತ್ರಕ್ಕೆ ಸೇರಿದ ಪ್ರಕರಣವನ್ನು ಬ್ಯಾರಿಸ್ಟರ್ ನಿರಾಕರಿಸುವಂತಿಲ್ಲ ಎಂಬ ಅಲ್ಲಿನ ಹೆಸರಾಂತ ನಿಯಮ ನೇರವಾಗಿ ಬಂದ ಕಕ್ಷಿದಾರರಿಗೆ ಅನ್ವಯಿಸುವುದಿಲ್ಲ. ಬಾಗಿಲು ತೆರೆದಿದೆ ನಿಜ. ಒಳಗೆ ಕರೆಯಲೇಬೇಕೆಂಬ ಕಡ್ಡಾಯವಿಲ್ಲ.

ಹಾಗೆಂದು ಆ ಸುಧಾರಣೆ ತಪ್ಪೆಂದು ಹೇಳಲಾರೆ. ದಾಖಲೆ ಕಡಿಮೆ ಇರುವ, ವಿಷಯ ಸ್ಪಷ್ಟವಿರುವ, ಕಾಗದಪತ್ರ ನಿಭಾಯಿಸಬಲ್ಲ ಕಕ್ಷಿದಾರನಿರುವ ಪ್ರಕರಣಗಳಲ್ಲಿ ಅದು ವರದಾನವೇ. ದಾವೆ ಹೂಡುವ ಮುನ್ನ ತಜ್ಞರ ಅಭಿಪ್ರಾಯವೊಂದನ್ನು ನಿಗದಿತ ಶುಲ್ಕಕ್ಕೆ ಪಡೆಯುವ ಅವಕಾಶವಂತೂ ಎಷ್ಟೋ ವ್ಯರ್ಥ ವ್ಯಾಜ್ಯಗಳನ್ನು ಮೊಳಕೆಯಲ್ಲೇ ಚಿವುಟಬಲ್ಲದು.

ನಮ್ಮಲ್ಲಿನ ಸ್ಥಿತಿ ಹೇಗಿದೆ? ಇಲ್ಲಿ ಈ ಭೇದವಿಲ್ಲವೆಂಬುದು ಸಾಮಾನ್ಯ ನಂಬಿಕೆ. 1961ರ ವಕೀಲರ ಕಾಯ್ದೆ ಎಲ್ಲರನ್ನೂ ‘ಅಡ್ವೊಕೇಟ್’ ಎಂಬ ಒಂದೇ ವರ್ಗಕ್ಕೆ ತಂದಿತು. ಮುಂಬೈ, ಕಲ್ಕತ್ತ ಹೈಕೋರ್ಟುಗಳ ಮೂಲ ದಾವೆಗಳಲ್ಲಿ ಉಳಿದಿದ್ದ ಇಂಗ್ಲಿಷ್ ಮಾದರಿಯ ಇಬ್ಬಗೆ ಪದ್ಧತಿಯೂ 1976ರ ತಿದ್ದುಪಡಿಯಿಂದ ಕೊನೆಗೊಂಡಿತು. ಆದರೆ ಮೇಲಿನ ಹಂತಕ್ಕೆ ಹೋದಂತೆ ಅದೇ ಭೇದ ಬೇರೆ ಹೆಸರಿನಲ್ಲಿ ಎದುರಾಗುತ್ತದೆ. ನ್ಯಾಯಾಲಯಗಳು ‘ಹಿರಿಯ ವಕೀಲ’ ಎಂಬ ಪದನಾಮ ನೀಡಿದವರು ಕಕ್ಷಿದಾರರಿಂದ ನೇರವಾಗಿ ಪ್ರಕರಣ ಸ್ವೀಕರಿಸುವಂತಿಲ್ಲ, ವಕಾಲತ್ತು ಹಾಕುವಂತಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ದಾಖಲಿಸಲು ಪರೀಕ್ಷೆಯಲ್ಲಿ ತೇರ್ಗಡೆಯಾದ ‘ಅಡ್ವೊಕೇಟ್ ಆನ್ ರೆಕಾರ್ಡ್’ ಬೇಕೇ ಬೇಕು. ಕಲಬುರಗಿಯ ರೈತನೊಬ್ಬನ ಮೇಲ್ಮನವಿ ದೆಹಲಿ ತಲುಪುವಾಗ ಊರಿನ ವಕೀಲ, ಹೈಕೋರ್ಟಿನ ವಕೀಲ, ದಾಖಲಿಸುವ ವಕೀಲ, ವಾದಿಸುವ ಹಿರಿಯ ವಕೀಲ ಎಂದು ನಾಲ್ಕು ಕೈ ದಾಟಿರುತ್ತದೆ. ಪ್ರತಿಯೊಂದು ಹಂತದಲ್ಲೂ ಶುಲ್ಕವಿದೆ. ತಪ್ಪಾದರೆ ಹೊಣೆ ಯಾರದೆಂಬುದು ಮಾತ್ರ ಅವನಿಗೆ ತಿಳಿಯದು.

ದೂರು ಕೊಡುವ ದಾರಿಯೂ ಕಿರಿದೇ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತೀರ್ಪು ನೀಡಿದೆ. ದುರ್ನಡತೆಯಾದರೆ ವಕೀಲರ ಪರಿಷತ್ತಿಗೆ ಹೋಗಬಹುದು. ಆದರೆ ಸಾಧಾರಣ ಅಲಕ್ಷ್ಯ, ವಿಳಂಬ, ಶುಲ್ಕದ ತಕರಾರುಗಳನ್ನು ಸರಳವಾಗಿ ಬಗೆಹರಿಸಲು ಇಂಗ್ಲೆಂಡಿನ ಕಾನೂನು ಓಂಬುಡ್ಸ್‌ಮನ್‌ನಂಥ ಸಂಸ್ಥೆ ನಮ್ಮಲ್ಲಿಲ್ಲ.

ಆದ್ದರಿಂದ ಇಂಗ್ಲೆಂಡಿನಿಂದ ನಾವು ಕಲಿಯಬೇಕಾದದ್ದು ನಡುವಿನವರನ್ನು ಕಿತ್ತುಹಾಕುವ ಪಾಠವನ್ನಲ್ಲ. ಮಗಳ ಕೈಗೆ ಬಂದಿತ್ತಲ್ಲ, ಆ ಪತ್ರದ ಪಾಠವನ್ನು. ಯಾರು ಯಾವ ಕೆಲಸ ಮಾಡುತ್ತಾರೆ, ಯಾರು ಮಾಡುವುದಿಲ್ಲ, ಶುಲ್ಕವೆಷ್ಟು, ನ್ಯಾಯಾಲಯದ ಆದೇಶವನ್ನು ಕಕ್ಷಿದಾರನಿಗೆ ತಿಳಿಸುವ ಹೊಣೆ ಯಾರದು, ದೂರಿದ್ದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಕನ್ನಡದಲ್ಲಿ, ಒಂದು ಪುಟದಲ್ಲಿ ಬರೆದುಕೊಡಬೇಕೆಂದು ವಕೀಲರ ಪರಿಷತ್ತು ವಿಧಿಸಲು ಸಾಧ್ಯವಿಲ್ಲವೆ? ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಪ್ರಾಮಾಣಿಕ ವಕೀಲರಿಗೆ ಇದರಿಂದ ನಷ್ಟವೂ ಇಲ್ಲ. ಬದಲಿಗೆ ಸಲ್ಲದ ಆರೋಪಗಳಿಂದ ರಕ್ಷಣೆ ಸಿಗುತ್ತದೆ.

ಮರದ ಕೆಳಗೆ ತೂಗುಹಾಕಿಸಿದ್ದ ಆ ಹಲಗೆ ನಾನು ವರ್ಗವಾಗಿ ಹೋಗುವವರೆಗೂ ಅಲ್ಲೇ ಇತ್ತು. ಓದಲು ಬಾರದವರು ಪಕ್ಕದವರಿಂದ ಓದಿಸಿಕೊಂಡು, ಲೆಕ್ಕ ಹಾಕಿ, ಆಮೇಲೆ ಅರ್ಜಿ ಬರೆಸುತ್ತಿದ್ದರು. ನ್ಯಾಯ ಕೇಳಿಕೊಂಡು ಹೊರಟವನಿಗೂ ಹೊರಡುವ ಮೊದಲು ಅಷ್ಟು ತಿಳಿಯುವ ಹಕ್ಕಿದೆ.